ಒಂದನೇ ನಂಬರು ಖಾಲಿ

ಸತ್ತವರ ಮೇಲೆ ಹೊಟ್ಟೆ ಉರಿದುಕೊಳ್ಳುವವಳು ಈ ಚಾಮರಾಜನಗರದಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಕಾಲೇಜಿನ ಲೈಬ್ರರಿಯನ್ ತೀರಿಕೊಂಡು ನಾಲ್ಕು ತಿಂಗಳಾಯಿತು. ಸುದ್ದಿ ಕೇಳಿದ ದಿನವೇ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ಅವರ ಮನೆಯ ಗಲ್ಲಿಯಲ್ಲಿ ಕಾಲಿಡೋಕೆ ಜಾಗವಿರಲಿಲ್ಲ. ಹಳೇ ವಿದ್ಯಾರ್ಥಿಗಳು, ಗಡಿಯಾಚೆಯಿಂದ ಬಂದ ಇಬ್ಬರು ಮಲಯಾಳಿ ಮೇಷ್ಟ್ರು, ಬೇಗೂರು ಕಡೆಯ ಅರಿಶಿನ ಬೆಳೆಗಾರರು, ವಿಶ್ವವಿದ್ಯಾಲಯದ ದೊಡ್ಡ ದೊಡ್ಡವರು. ಎಲ್ಲರ ಕಣ್ಣೂ ಒದ್ದೆ. ನಾನು ಮಾತ್ರ ಎದುರು ಮನೆಯ ಕಾಂಪೌಂಡಿಗೆ ಒರಗಿಕೊಂಡು ತಲೆ ಎಣಿಸುತ್ತಿದ್ದೆ. ನಾಳೆ ನಾನು ಹೋದರೆ ಇದರ ಅರ್ಧ ಜನ ಬರುತ್ತಾರಾ? ಹೋಗಲಿ, ಕಾಲು ಭಾಗ? ಬರೋದಿಲ್ಲ ಅಂತ ಖಾತ್ರಿಯಾಯಿತು. ಅಲ್ಲೇ ನಿಂತು, ಆ ಮನುಷ್ಯನ ಮೇಲೆ ಮತ್ತೊಂದು ಸಲ ಉರಿದುಕೊಂಡೆ. ಥೂ ನನ್ನ ಜನ್ಮಕ್ಕಿಷ್ಟು ಅಂತ ಬೈದುಕೊಂಡೆ. ಆದರೂ ಉರಿ ಆರಲಿಲ್ಲ.

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಸಾಹೇಬ್ರು ಅನ್ನುತ್ತಿದ್ದರು. ಇಲ್ಲೂ ಹಾಗೇ ಅನ್ನುತ್ತೇನೆ, ಹೆಸರು ಬೇಡ. ಗುಂಡ್ಲುಪೇಟೆಯ ಬುಕ್ ಬೈಂಡರ್ ಒಬ್ಬರ ಮಗ. ಅವರಪ್ಪ ಮೈದಾ ಅಂಟಿಗೆ ಮೈಲುತುತ್ತ ಕಲಸಿ, ಕಚೇರಿ ರಿಜಿಸ್ಟರು, ಮಕ್ಕಳ ನೋಟ್‌ಬುಕ್ಕು ಅಂತ ಬೈಂಡ್ ಮಾಡಿ ಐದು ಮಕ್ಕಳನ್ನು ಸಾಕಿದವರು. ಮೈಲುತುತ್ತ ಹಾಕದಿದ್ದರೆ ಅಂಟಿಗೆ ಹುಳ ಬೀಳುತ್ತದಂತೆ. ಸಾಹೇಬ್ರು ಕೆಲಸಕ್ಕೆ ಸೇರಿದ ಮೇಲೂ ರಜೆಯಲ್ಲಿ ಆ ಅಂಗಡಿಯಲ್ಲಿ ಕೂರುತ್ತಿದ್ದರು, ಹಾಗಾಗಿ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಒಂದಿಷ್ಟು ಆ ಮೈಲುತುತ್ತದ ನೀಲಿ. ಹೊಸ ಪುಸ್ತಕ ಬಂದರೆ ನಮ್ಮ ಹಾಗೆ ಪಟಾರಂತ ನಡುವೆ ತೆಗೆಯುತ್ತಿರಲಿಲ್ಲ. ಮೇಜಿನ ಮೇಲೆ ಬೆನ್ನು ಊರಿ ನಿಲ್ಲಿಸಿ, ಈ ಕಡೆಯಿಂದ ನಾಲ್ಕು ಹಾಳೆ, ಆ ಕಡೆಯಿಂದ ನಾಲ್ಕು ಹಾಳೆ, ಹೀಗೆ ಒತ್ತಿ ಒತ್ತಿ ಬಿಡಿಸುತ್ತಾ ನಡುವಿಗೆ ಬರೋರು. "ಒಂದೇ ಸಲ ತೆಗುದ್ರೆ ಬೆನ್ ಮುರ್ದೋಯ್ತದೆ ಮೇಡಂ, ಪಾಪ" ಅನ್ನೋರು. ಪುಸ್ತಕಕ್ಕೂ ಪಾಪ ಅನ್ನುವ ಮನುಷ್ಯ! ನನಗೆ ಅದನ್ನು ನೋಡಿದರೆ ಮೈ ಉರಿಯೋದು. ಒಳ್ಳೆಯತನವನ್ನು ಇಷ್ಟು ಸಲೀಸಾಗಿ ಮಾಡುವವರನ್ನು ಕಂಡರೆ ನನಗಾಗದು.

ಇನ್ನೊಂದು ಅವರ ರಿಜಿಸ್ಟರು. ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ಒಂದು ನಂಬರು, ಆ ನಂಬರಿಗೆ ಒಂದು ಸಾಲು. ಸಾಲು ಬಿಡುವಂತಿಲ್ಲ, ನಂಬರು ಹಾರಿಸುವಂತಿಲ್ಲ, ಪೆನ್ಸಿಲ್ಲು ಮುಟ್ಟುವಂತಿಲ್ಲ. ಒಮ್ಮೆ ನಮ್ಮ ಅಟೆಂಡರು ಅವಸರದಲ್ಲಿ ಒಂದು ಸಾಲು ಖಾಲಿ ಬಿಟ್ಟು ಮುಂದಿನದರಲ್ಲಿ ಬರೆದುಬಿಟ್ಟಿದ್ದ. ಸಾಹೇಬ್ರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಏನ್ಲಾ ಇದು? ಖಾಲಿ ಬುಟ್ಬುಟ್ಟಿದ್ದೀಯಲ್ಲ! ನಾಳೆ ಯಾವನಾರ ಬಂದು ಇಲ್ಲಿ ಏನ್ ಬೇಕಾರೂ ಬರ್ಕೊಬೌದು ಕಣ್ಲಾ. ಖಾಲಿ ಸಾಲು ಅಂದ್ರೆ ಕಳ್ತನಕ್ಕೆ ಬಾಗ್ಲು ತೆಗ್ದಂಗೆ!"

ಆಮೇಲೆ ಆ ಸಾಲಿಗೆ ಅಡ್ಡಗೀಟು ಎಳೆದು, ರದ್ದು ಅಂತ ಬರೆದು, ಪ್ರಿನ್ಸಿಪಾಲರ ಸಹಿ ಹಾಕಿಸಿಕೊಂಡು ಬಂದ ಮೇಲೇ ಅವರಿಗೆ ಊಟ ಸೇರಿದ್ದು.

ಇನ್ನು ನನ್ನ ಪ್ರತಾಪ ಕೇಳಿ. ನಾನು ಚಂದಕವಾಡಿಯವಳು. ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಈ ಕಾಲೇಜಿಗೆ ಬಂದವಳು. ಅರಿಶಿನದ ಗೆಡ್ಡೆ ಕೊಳೆಯುವ ರೋಗದ ಮೇಲೆ ಆರು ವರ್ಷ ಕೆಲಸ ಮಾಡಿದೆ. ಭಾನುವಾರ ಬಂದರೆ ಸಂತೆಮರಹಳ್ಳಿ, ಬೇಗೂರು ಅಂತ ಬಸ್ಸು ಹತ್ತೋದು, ಕೊಳೆತ ಗೆಡ್ಡೆ ಚೀಲಕ್ಕೆ ತುಂಬಿಕೊಂಡು ಬರೋದು. ಕಂಡಕ್ಟರು "ಅಮ್ಮೋ, ಏನ್ ನಾತ ಕಣಮ್ಮ ಇದು, ಹಿಂದ್ಗಡೆ ಮಡಗಿ" ಅಂತ ಮೂಗು ಮುಚ್ಚಿಕೊಳ್ಳೋನು. ಆರು ವರ್ಷಕ್ಕೆ ನಾನು ಕಂಡುಕೊಂಡದ್ದು ಸಣ್ಣ ವಿಷಯ, ಆದರೆ ನನ್ನದೇ ವಿಷಯ: ನಮ್ಮ ಕಡೆ ರೋಗ ಹರಡೋದು ಹೊಲದ ಮಣ್ಣಿನಿಂದ ಅಷ್ಟಲ್ಲ, ಮುಂದಿನ ಸಲ ಬಿತ್ತುವ ಗೆಡ್ಡೆಯನ್ನು ಗುಡ್ಡೆ ಹಾಕಿ ಕೂಡಿಡುವ ರೀತಿಯಿಂದ. ಅದು ವಿದೇಶದ ಒಂದು ದೊಡ್ಡ ಜರ್ನಲ್ಲಿನಲ್ಲಿ ಅಚ್ಚಾಯಿತು. ನಮ್ಮ ಕಾಲೇಜಿನಲ್ಲಿ ಅಲ್ಲಿಯವರೆಗೆ ಯಾರದೂ ಅಲ್ಲಿ ಬಂದಿರಲಿಲ್ಲ. ನಾಲ್ಕು ದಿನ ನೆಲದ ಮೇಲೆ ನಡೆಯಲಿಲ್ಲ ನಾನು.

ಅಚ್ಚಾದದ್ದು ಗೊತ್ತಾದ ದಿನ ಬೇಕಂತಲೇ ಜನ ಇರುವ ಹೊತ್ತು ನೋಡಿ ಲೈಬ್ರರಿಗೆ ಹೋದೆ. "ಸಾಹೇಬ್ರೆ, ಕಂಪ್ಯೂಟರಲ್ಲಿ ನನ್ನ ಪೇಪರ್ ಒಂದು ತೆಗೀರಿ, ಎಲ್ಲರೂ ನೋಡಲಿ" ಅಂದೆ. ತೆಗೆದರು. ಲೇಖನದ ಹೆಸರು ಬಂತು, ನನ್ನ ಹೆಸರು ಬಂತು, ಅದರ ಕೆಳಗೆ ಒಂದು ಬೀಗದ ಚಿತ್ರ ಬಂತು. ಮುಂದಕ್ಕೆ ಓದಬೇಕಾದರೆ ಡಾಲರಿನಲ್ಲಿ ಹಣ ಕಟ್ಟಬೇಕು. ನಮ್ಮ ಕಾಲೇಜಿರಲಿ, ನಮ್ಮ ವಿಶ್ವವಿದ್ಯಾಲಯವೇ ಆ ಜರ್ನಲ್ಲನ್ನು ತರಿಸುತ್ತಿರಲಿಲ್ಲ, ಅಷ್ಟು ದುಬಾರಿ. ನಾನು ಬರೆದದ್ದು ನನ್ನ ಮುಂದೆಯೇ ತೆರೆಯಲಿಲ್ಲ. ಹಿಂದೆ ನಿಂತಿದ್ದ ಕಾಮರ್ಸ್ ಮೇಷ್ಟ್ರು ಕಿಸಕ್ಕಂತ ನಕ್ಕರು. ಸಾಹೇಬ್ರು ನಗಲಿಲ್ಲ.

"ಇದೇನ್ ಅನ್ಯಾಯ ಮೇಡಂ! ಬರ್ದೋರು ನೀವು, ಬೀಗ ಹಾಕೋರು ಅವ್ರಾ?"

ನಕ್ಕವರನ್ನು ಅವತ್ತೇ ಮರೆತೆ. ನಗದೆ ನನ್ನ ಮರ್ಯಾದೆ ಉಳಿಸಿದವರನ್ನು ಮರೆಯಲು ಆಗಲಿಲ್ಲ. ಅಲ್ಲಿಂದಲೇ ಶುರುವಾಯಿತು ನನ್ನ ಕಾಯಿಲೆ.

ಅವರ ತಲೆಗೆ ಹುಳ ಬಿಟ್ಟವಳೂ ನಾನೇ ಆದೆ. ಆ ಬೀಗ ಅವರನ್ನು ಕಾಡಿತು ಅಂತ ಕಾಣುತ್ತದೆ. ಬೇರೆ ಬೇರೆ ಊರಿನ ವಿಶ್ವವಿದ್ಯಾಲಯಗಳು ಏನು ಮಾಡುತ್ತಿವೆ ಅಂತ ಹುಡುಕಿ ಹುಡುಕಿ ಓದಿದರು. ಒಂದು ವರ್ಷದೊಳಗೆ, ಆಫೀಸಿನವರು ಬಿಸಾಕಿದ್ದ ಕಂಪ್ಯೂಟರನ್ನು ರಿಪೇರಿ ಮಾಡಿಸಿ, ಮುಕ್ತ ಭಂಡಾರ ಅಂತ ಒಂದನ್ನು ನಿಲ್ಲಿಸಿಯೇಬಿಟ್ಟರು. ಇಲ್ಲಿನ ಮೇಷ್ಟ್ರುಗಳು, ಸಂಶೋಧನೆ ಮಾಡುವ ಮಕ್ಕಳು ಬರೆದದ್ದೆಲ್ಲ ಅದರಲ್ಲಿ. ಯಾರು ಬೇಕಾದರೂ ತೆಗೆದು ಓದಬಹುದು, ಬಿಡಿಗಾಸಿಲ್ಲ. ಅದಕ್ಕೂ ಒಂದು ರಿಜಿಸ್ಟರು! ಕೆಂಪು ಬಟ್ಟೆಯ ಬೆನ್ನು ಹಾಕಿ ತಾವೇ ಬೈಂಡ್ ಮಾಡಿದ್ದು. ಕಂಪ್ಯೂಟರಿನಲ್ಲಿರುವುದಕ್ಕೆ ಪುಸ್ತಕದಲ್ಲಿ ಲೆಕ್ಕವಾ ಅಂತ ನಾವೆಲ್ಲ ಆಡಿಕೊಂಡೆವು. "ಲೈಬ್ರರಿ ಅಂದ್ಮೇಲೆ ರಿಜಿಸ್ಟರ್ ಬ್ಯಾಡ್ವಾ?" ಅಂದರು ಅಷ್ಟೆ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದರು. ಕೈಯಲ್ಲಿ ಒಂದು ಹಾಳೆ. ಆ ವಿದೇಶಿ ಜರ್ನಲ್ಲಿನ ನಿಯಮಗಳನ್ನೇ ಪ್ರಿಂಟ್ ತೆಗೆದು, ಎರಡು ಸಾಲಿನ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು.

"ನೋಡಿ ಮೇಡಂ. ಅಚ್ಚಾಗಿರದು ಅವ್ರುದ್ದು, ಅದ್ನ ನಾವ್ ಮುಟ್ಟಂಗಿಲ್ಲ. ಅಚ್ಚಿಗೋಗಕ್ ಮುಂಚೆ ನೀವು ಕೊನೇಲಿ ಕಳ್ಸಿದ್ ಕರಡು ಅದೆಯಲ್ಲ, ಅದ್ನ ಹಾಕ್ಬೌದು. ಅವ್ರ ರೂಲ್ಸಲ್ಲೇ ಅದೆ. ಮೊದ್ಲು ನಿಮ್ದೇ ಹಾಕನ ಅಂತ ನಂಗಾಸೆ."

ಕರಡು ಇದ್ದ ಪೆನ್‌ಡ್ರೈವ್ ಆಗ ನನ್ನ ಮಡಿಲಲ್ಲಿದ್ದ ವ್ಯಾನಿಟಿ ಬ್ಯಾಗಿನ ಒಳಜಿಪ್ಪಿನಲ್ಲೇ ಇತ್ತು. ನನ್ನ ಪೇಪರನ್ನು ನಾಲ್ಕು ಜನ ಓದಬೇಕು ಅಂತ ನನಗೆ ಆಸೆ ಇರಲಿಲ್ಲವಾ? ಸಾಯುವಷ್ಟು ಇತ್ತು. ಆದರೆ ಇವರ ಕೈಯಿಂದ ಓದಬಾರದು. ಅಷ್ಟರಲ್ಲಾಗಲೇ ಮಕ್ಕಳೆಲ್ಲ ಅವರ ಮೇಜಿನ ಸುತ್ತ. ಕ್ಲಾಸಲ್ಲಿ ನನ್ನ ಪಾಠ ಕೇಳುವಾಗ ಆಕಳಿಸುವವರು ಲೈಬ್ರರಿಯಲ್ಲಿ ಸಂಜೆಯವರೆಗೂ ಕೂರುತ್ತಿದ್ದರು. ವಿಶ್ವವಿದ್ಯಾಲಯದಿಂದ ಅವರನ್ನು ಕೇಳಿಕೊಂಡು ಫೋನು. ಪಿಎಚ್‌ಡಿ ಮಾಡಿದವಳು ನಾನು, ಪುಸ್ತಕ ಜೋಡಿಸುವವರು ಅವರು. ನಾಳೆ ನನ್ನ ಪೇಪರ್ ಓದಿದವರು ಯಾರನ್ನು ಹೊಗಳುತ್ತಾರೆ? ಇವರನ್ನೇ.

"ಅಯ್ಯೋ, ಅದು ಕಳೆದುಹೋಗಿದೆ ಸಾಹೇಬ್ರೆ. ಪೆನ್‌ಡ್ರೈವ್ ಎಲ್ಲಿಟ್ಟೆನೋ ಏನೋ" ಅಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ.

ಅವರು ನನ್ನ ಮುಖ ನೋಡಿ, "ಹುಡ್ಕಿ ಮೇಡಂ, ಸಿಕ್ತದೆ. ಆತ್ರ ಏನಿಲ್ಲ" ಅಂದು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಅವತ್ತಿನಿಂದ ಹಿಡೀತು ನೋಡಿ, "ಸಿಕ್ತಾ ಮೇಡಂ?" ಬೇರೆಯವರು ಊಟ ಆಯ್ತಾ ಅಂತ ಕೇಳಿದರೆ ಇವರು ಸಿಕ್ತಾ ಅಂತ ಕೇಳೋರು. ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ. ವ್ಯಂಗ್ಯ ಇಲ್ಲ, ಒತ್ತಾಯ ಇಲ್ಲ, ನನ್ನ ಮೇಲೆ ಕನಿಕರ ಇದ್ದ ಹಾಗೆ. ನಾನು "ಇಲ್ಲ ಸಾಹೇಬ್ರೆ" ಅನ್ನೋದು, ಅವರು "ಸಿಕ್ತದೆ ಬುಡಿ" ಅನ್ನೋದು. ನನ್ನ ಮಗಳ ಮದುವೆಗೆ ಬಂದು, ಹೆಣ್ಣುಗಂಡಿಗೆ ಅಕ್ಷತೆ ಹಾಕಿ, ಇಳಿದು ಬಂದವರೇ ಮೆಲ್ಲಗೆ "ಸಿಕ್ತಾ ಮೇಡಂ?" ಅಂದರು. ಪಕ್ಕದಲ್ಲಿದ್ದ ನಮ್ಮ ಅತ್ತಿಗೆ ಗಾಬರಿಯಾಗಿ, "ಏನೇ ಕಳೆದಿರೋದು? ಒಡವೆನಾ?" ಅಂತ ಛತ್ರವೆಲ್ಲ ಕೇಳುವಂತೆ ಕೂಗಿದರು. ಆಮೇಲೆ ನಾಲ್ಕು ಜನ ಹೆಂಗಸರು ಸೇರಿ ರೂಮಿನಲ್ಲಿ ಹಾಸಿಗೆ ಕೊಡವಿದರು. ಆ ಬ್ಯಾಗು ನನ್ನ ಕಂಕುಳಲ್ಲೇ ಇತ್ತು.

ಒಂದು ದಿನ ವಿಶ್ವವಿದ್ಯಾಲಯದಲ್ಲಿ ಸಭೆ. ತರಿಸುತ್ತಿದ್ದ ಬೇರೆ ದುಬಾರಿ ಜರ್ನಲ್ಲುಗಳನ್ನು ನಿಲ್ಲಿಸಿ, ಎಲ್ಲ ಕಾಲೇಜುಗಳೂ ಸಾಹೇಬ್ರ ಹಾಗೆ ಮುಕ್ತ ಭಂಡಾರ ಮಾಡಬೇಕಾ ಅಂತ ಚರ್ಚೆ. ನಾನು ಸಮಿತಿಯ ಸದಸ್ಯೆ. ಸಾಹೇಬ್ರನ್ನು ವಿಷಯ ತಿಳಿಸಿಕೊಡಲು ಕರೆಸಿದ್ದರು. ನಾನು ಎದ್ದು ಜಾಡಿಸಿದೆ. "ದೊಡ್ಡ ಜರ್ನಲ್ಲಿಗೆ ಒಂದು ಗೌರವ ಇದೆ. ಕಂಡಕಂಡವರೆಲ್ಲ ಬಿಟ್ಟಿ ಓದೋಕೆ ಸಂಶೋಧನೆ ಅಂದ್ರೆ ಗೋಡೆ ಮೇಲಿನ ಪೋಸ್ಟರಾ? ಲೈಬ್ರರಿಯನ್ನುಗಳು ಪುಸ್ತಕ ನೋಡಿಕೊಳ್ಳಲಿ, ಸಂಶೋಧನೆ ನಾವು ನೋಡಿಕೊಳ್ತೀವಿ" ಅಂದೆ.

ಸಾಹೇಬ್ರು ಎದ್ದರು. ತಡೆತಡೆದು ಹೇಳಿದರು. "ಮೇಡಂ ಹೇಳದು ಸರಿ ಅದೆ. ಗೌರವ ಕಮ್ಮಿ ಆಗ್ಬಾರ್ದು. ಅದ್ಕೇ ನಾನು ಪ್ರತಿಯೊಂದ್ಕೂ ರಿಜಿಸ್ಟರಲ್ಲಿ ಒಂದೊಂದ್ ಸಾಲು ಕೊಡ್ತಾ ಇವ್ನಿ. ಮೇಡಂ ಆರ್ ವರ್ಷ ಗೆಡ್ಡೆ ಹೊತ್ಕೊಂಡು ತಿರುಗವ್ರೆ. ಅದು ಬೇಗೂರಿನ ಹೊಲದೋರ್ಗೇ ಸಿಗ್ದೆ ಹೋದ್ರೆ ಗೌರವ ಎಲ್ಲಿ ಉಳೀತು ಅಂತ ಅಷ್ಟೆ ನನ್ ಪ್ರಶ್ನೆ."

ಚಪ್ಪಾಳೆ ಬಿತ್ತು. ನನ್ನ ಹೆಸರಿಗೆ ಬಿದ್ದ ಚಪ್ಪಾಳೆ, ಅವರಿಗೆ ಹೋಯಿತು. ದುಬಾರಿ ಜರ್ನಲ್ಲು ನಿಲ್ಲಿಸುವುದು, ಭಂಡಾರ ಮಾಡುವುದು ಅಂತ ತೀರ್ಮಾನವಾಯಿತು. ವಾಪಸ್ ಬರುವಾಗ ಇಬ್ಬರೂ ಒಂದೇ ಬಸ್ಸು. ಓಡಿಹೋಗಿ ಟವಲ್ ಹಾಕಿ ನನಗೆ ಕಿಟಕಿ ಸೀಟು ಹಿಡಿದುಕೊಟ್ಟು, ತಾವು ಹಿಂದಿನ ಸೀಟಿನಲ್ಲಿ ಕೂತರು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ದನಿ ಬಂತು.

"ಸಿಕ್ತಾ ಮೇಡಂ?"

ಕೇಳಿಸದವಳ ಹಾಗೆ ಕಿಟಕಿಯಾಚೆ ನೋಡುತ್ತಾ ಕೂತೆ.

ಇದಾದ ಕೆಲವು ವರ್ಷಕ್ಕೆ ಒಂದು ಹುಡುಗಿಯ ಪ್ರಬಂಧ ನನ್ನ ಮುಂದೆ ಬಂತು. ನಾನು ಪರೀಕ್ಷಕಿ. ಬೇಗೂರಿನ ಹುಡುಗಿ, ಅರಿಶಿನ ಬೆಳೆಯುವ ಮನೆಯವಳು. ಎರಡು ವರ್ಷ ಹೊಲದಲ್ಲಿ, ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಗೆಡ್ಡೆ ಇಟ್ಟು ನೋಡಿ ನೋಡಿ ಅವಳು ಕಂಡುಕೊಂಡದ್ದು ನಾನು ಹಿಂದೆಯೇ ಕಂಡುಕೊಂಡದ್ದನ್ನೇ. ಕೊನೆಯ ಪಟ್ಟಿಯಲ್ಲಿ ನನ್ನ ಪೇಪರಿನ ಹೆಸರಿತ್ತು. ಪಕ್ಕದಲ್ಲಿ, 'ಶೀರ್ಷಿಕೆ ಮಾತ್ರ ಲಭ್ಯ, ಮೂಲ ಓದಲು ಸಿಗಲಿಲ್ಲ' ಅಂತ ಬರೆದಿದ್ದಳು.

"ಯಾಕಮ್ಮಾ ಸಿಗಲಿಲ್ಲ?" ಅಂತ ವೈವಾ ದಿನ ಅವಳನ್ನು ಗದರಿದೆ. ಗದರಿಸಲು ನನಗೆ ಯಾವ ಮುಖ ಇತ್ತೋ.

"ದುಡ್ ಕಟ್ಬೇಕಿತ್ತು ಮೇಡಂ, ಬಾಳ ಜಾಸ್ತಿ. ಸಾಹೇಬ್ರನ್ನ ಕೇಳ್ದೆ. 'ಮೇಡಂ ಹುಡುಕ್ತಾ ಅವ್ರೆ, ಸಿಕ್ಕೇಟ್ಗೆ ಕೊಡ್ತಾರೆ ಕಣಮ್ಮಿ, ಕಾಯಿ' ಅಂದ್ರು. ಕಾದೆ. ಸಿಕ್ಕಿದ್ರೆ ನಂಗೆ ಎರಡು ವರ್ಷ ಉಳೀತಿತ್ತು." ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳಿದಳು.

ಆಗಲಾದರೂ ಕೊಡಬೇಕಿತ್ತು. ಕೊಡಬೇಕು ಅಂತಲೇ ಮನೆಗೆ ಬಂದೆ. ಬಂದು ಆ ಪ್ರಬಂಧದ ಮೊದಲ ಪುಟ ತೆಗೆದರೆ, ಕೃತಜ್ಞತೆಯಲ್ಲಿ ಸಾಹೇಬ್ರಿಗೆ ಒಂದು ಇಡೀ ಪ್ಯಾರಾ. 'ನನಗೆ ಓದುವ ಬಾಗಿಲು ತೆರೆದವರು' ಅಂತ. ನನಗೆ ಏನಿದೆ? ಕೊನೆಯಲ್ಲಿ ಒಂದು ಸಾಲು, ಅದೂ ಓದಲು ಸಿಗಲಿಲ್ಲ ಅಂತ. ಜಿಪ್ಪು ಎಳೆದು ಬ್ಯಾಗು ಮುಚ್ಚಿದೆ. ಮುಂದಿನ ವರ್ಷ ನಿವೃತ್ತಿಯಾದೆ. ಬೀಳ್ಕೊಡುಗೆಯ ದಿನ ಅವರು ನನ್ನ ಹಳೇ ಪಠ್ಯಪುಸ್ತಕವೊಂದಕ್ಕೆ ಹೊಸ ಬೈಂಡ್ ಹಾಕಿ ತಂದುಕೊಟ್ಟರು. ಕೊಟ್ಟು, ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿರುವಾಗ, ಅದೇ ಪ್ರಶ್ನೆ ಕೇಳಿದರು. "ಇನ್ನು ಬಿಡಿ ಸಾಹೇಬ್ರೆ, ಸಿಗಲ್ಲ" ಅಂದೆ. "ಮನೇಲಿ ಈಗ ಟೈಮ್ ಇರ್ತದಲ್ಲ ಮೇಡಂ, ಹುಡ್ಕಿ" ಅಂದರು. ನಾವು ಆಡಿದ ಕೊನೆಯ ಮಾತು ಅದು.

ಕಳೆದ ವಾರ ಆ ಬೇಗೂರಿನ ಹುಡುಗಿ ಫೋನ್ ಮಾಡಿದಳು. ಈಗ ನಮ್ಮ ಕಾಲೇಜಿನಲ್ಲೇ ಅತಿಥಿ ಉಪನ್ಯಾಸಕಿ. ಸಾಹೇಬ್ರ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ, ಲೈಬ್ರರಿ ಕೆಲಸವನ್ನೂ ಇವಳ ತಲೆಗೇ ಕಟ್ಟಿದ್ದಾರೆ. "ಮೇಡಂ, ಆಡಿಟ್‌ನೋರು ಬಂದವ್ರೆ. ಭಂಡಾರದ ರಿಜಿಸ್ಟರಲ್ಲಿ ಒಂದನೇ ನಂಬರು ಖಾಲಿ ಅದೆ. ನಿಮ್ಮುನ್ನ ಒಂದ್ ಮಾತು ಕೇಳನ ಅಂತ. ಬತ್ತೀರಾ?" ಅಂದಳು.

ನಗು ಬಂತು. ಸಾಹೇಬ್ರ ರಿಜಿಸ್ಟರಲ್ಲಿ ಖಾಲಿ ಸಾಲಾ? ಕೊನೆಗೂ ಒಂದು ತಪ್ಪು ಸಿಕ್ಕಿತಲ್ಲ ಈ ಮಹಾನುಭಾವರದು ಅಂತ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೊಳಗೇ ಖುಷಿಯಾಗಿ ಆಟೋ ಹತ್ತಿದೆ.

ಕೆಂಪು ಬೆನ್ನಿನ ರಿಜಿಸ್ಟರು ಅವರ ಮೇಜಿನ ಮೇಲೇ ಇತ್ತು. ಹುಡುಗಿ ಮೊದಲ ಪುಟ ತೆಗೆದಳು. ಎರಡನೇ ನಂಬರಿನಿಂದ ಕೆಳಗೆ ಒಂದೂ ಬಿಡದೆ ಮುತ್ತಿನಂಥ ಅಕ್ಷರ. ಒಂದನೇ ಸಾಲಿನಲ್ಲಿ ನಂಬರು ಮಾತ್ರ ಇಂಕಿನಲ್ಲಿ. ಶೀರ್ಷಿಕೆ ಖಾಲಿ, ಲೇಖಕರು ಖಾಲಿ, ಬಂದ ತಾರೀಕು ಖಾಲಿ. ಕೊನೆಯ ಷರಾ ಕಾಲಮ್ಮಿನಲ್ಲಿ ಪುಟ್ಟದಾಗಿ ಬರೆದಿತ್ತು: 'ಬಾಟನಿ ಮೇಡಂ ಅವರದು. ಹುಡುಕುತ್ತಿದ್ದಾರೆ.'

ಪುಟದ ಹಿಂದೆ ಆಡಿಟ್ ಚೀಟಿಗಳನ್ನು ಒಂದರ ಮೇಲೊಂದು ಅಂಟಿಸಿದ್ದರು. ವರ್ಷ ವರ್ಷವೂ ಅದೇ ಆಕ್ಷೇಪಣೆ, ಒಂದನೇ ಕ್ರಮಸಂಖ್ಯೆ ಖಾಲಿ ಬಿಟ್ಟಿರುವುದಕ್ಕೆ ಸಮಜಾಯಿಷಿ ನೀಡುವುದು. ವರ್ಷ ವರ್ಷವೂ ಅವರದು ಅದೇ ಉತ್ತರ, ಲೇಖಕರು ಹುಡುಕುತ್ತಿದ್ದಾರೆ, ಸಿಕ್ಕ ಕೂಡಲೇ ನಮೂದಿಸಲಾಗುವುದು. ಒಂದು ವರ್ಷ ಅದಕ್ಕಾಗಿ ಮೆಮೊ ಕೂಡ ಕೊಟ್ಟಿದ್ದಾರೆ. ಅದನ್ನೂ ಮಡಚಿ, ನೀಟಾಗಿ ಅಂಟಿಸಿದ್ದಾರೆ. ಒಂದು ಖಾಲಿ ಸಾಲಿಗೆ ಅಟೆಂಡರನ್ನು ಹಾಗೆ ಬೈದ ಮನುಷ್ಯ.

ಎಲ್ಲ ಚೀಟಿಗಳನ್ನೂ ಓದಿದೆ. ಕಳೆದುಹೋಗಿದೆ ಅಂತ ಅವರು ಎಲ್ಲೂ ಬರೆದಿರಲಿಲ್ಲ. ನಾನು ಹೇಳಿದ್ದು ಅದನ್ನೇ ಅಲ್ಲವಾ? ಅವರು ಆ ಮಾತು ಬಿಟ್ಟು, ಹುಡುಕುತ್ತಿದ್ದಾರೆ ಅಂತಲೇ ಬರೆದಿದ್ದರು. ಅದು ಕಳೆದಿಲ್ಲ ಅಂತ ಅವರಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ವರ್ಷ ನನ್ನ ಸುಳ್ಳಿಗೆ ತಮ್ಮ ಸಹಿ ಹಾಕಿದ್ದರು.

ಆಗಲೂ ನನಗೆ ಮೊದಲು ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚೇ. ಇಷ್ಟು ದೊಡ್ಡದಾಗಿ ಒಬ್ಬರಿಗಾಗಿ ಕಾಯೋಕೆ ನನ್ನ ಕೈಲಿ ಆಗುತ್ತಿರಲಿಲ್ಲವಲ್ಲ ಅಂತ. ಅಳು ಆಮೇಲೆ ಬಂತು. ಹುಡುಗಿ ನೀರು ತಂದುಕೊಟ್ಟಳು.

"ಗೀಟು ಎಳ್ದು ರದ್ದು ಅಂತ ಬರ್ದುಬುಡಿ ಅಂತಾವ್ರೆ ಮೇಡಂ ಆಡಿಟ್‌ನೋರು. ಏನ್ ಮಾಡನ?"

ಬ್ಯಾಗಿನ ಒಳಜಿಪ್ಪು ತೆಗೆದೆ. ಅಷ್ಟು ವರ್ಷದಲ್ಲಿ ಬ್ಯಾಗು ನಾಲ್ಕು ಬದಲಾಯಿಸಿದ್ದೇನೆ, ಆ ಪೆನ್‌ಡ್ರೈವ್ ಮಾತ್ರ ಒಂದರಿಂದ ಒಂದಕ್ಕೆ ಬರುತ್ತಲೇ ಇತ್ತು. ಅವಳ ಕೈಗೆ ಕೊಟ್ಟೆ. ಅವಳು ಅದನ್ನೂ ನನ್ನನ್ನೂ ನೋಡಿದಳು. ಎರಡು ವರ್ಷ ಗೆಡ್ಡೆ ಕಾದವಳು, ಅರ್ಥವಾಗದೆ ಇರುತ್ತದಾ? ಕಂಪ್ಯೂಟರಿಗೆ ಹಾಕಿ, ಹುಡುಕಿ, ಕರಡನ್ನು ಭಂಡಾರಕ್ಕೆ ಏರಿಸಿದಳು. ಬೀಗದ ಚಿತ್ರ ಇರಲಿಲ್ಲ. ಒತ್ತಿದ ತಕ್ಷಣ ತೆರೆದುಕೊಂಡಿತು.

ಆಮೇಲೆ ರಿಜಿಸ್ಟರು ಎಳೆದುಕೊಂಡು ಒಂದನೇ ಸಾಲು ತುಂಬಿದಳು. ಶೀರ್ಷಿಕೆ, ನನ್ನ ಹೆಸರು, ತಾರೀಕು. ಷರಾ ಕಾಲಮ್ಮಿಗೆ ಬಂದು ನಿಂತಳು.

"ಇದ್ರ ಪಕ್ಕ 'ಸಿಕ್ಕಿದೆ' ಅಂತ ಬರೀಲಾ ಮೇಡಂ?"

"ಬೇಡ. 'ಕಳೆದೇ ಇರಲಿಲ್ಲ' ಅಂತ ಬರಿ."

ಅವಳು ಪೆನ್ನು ಕೆಳಗಿಟ್ಟಳು. ಡ್ರಾಯರ್ ಎಳೆದು ಪೆನ್ಸಿಲ್ ಹುಡುಕತೊಡಗಿದಳು.

"ಪೆನ್ನಲ್ಲೇ ಬರಿಯಮ್ಮ" ಅಂದೆ. "ಕೆಳಗೆ ನಾನು ಸಹಿ ಹಾಕ್ತೀನಿ."